ಹ್ಯಾಂಗ್ ಆದ ಕಂಪ್ಯೂಟರಿನ ಸ್ವಿಚ್ ಒತ್ತುವ ಮೊದಲು: ಟರ್ಮಿನಲ್‌ನಲ್ಲಿ ಪ್ರೊಸೆಸ್ ನೋಡುವ ಸಮಗ್ರ ಮಾರ್ಗದರ್ಶಿ

"ಪಿಎಸ್ ಅಂತ ಹೊಡೆದೆ, ಎರಡೇ ಸಾಲು ಬಂತು. ಏನೂ ಓಡುತ್ತಿಲ್ಲ ಅಂತ ತೋರಿಸುತ್ತದೆ. ಆದರೆ ಕಂಪ್ಯೂಟರ್ ಅಲುಗಾಡುವುದಿಲ್ಲ, ಈಗ ಏನು ಮಾಡುವುದು?" ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಕನ್ನಡ ಶಾಲೆಗಳಲ್ಲಿ ಲ್ಯಾಬ್ ನೋಡಿಕೊಳ್ಳುವ ಟೀಚರ್‌ಗಳಿಂದ, ಮಾಷ್ಟ್ರುಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಮಾತು. ಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಂಗೆ ಪ್ರೊಸೆಸ್ ಎನ್ನುತ್ತಾರೆ, ಅವುಗಳ ಪಟ್ಟಿ ತೋರಿಸುವ ಕಮಾಂಡ್ ಪಿಎಸ್. ಪ್ರತಿ ಸಲವೂ ಫೋನಿನಲ್ಲೇ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೆ ಒಮ್ಮೆ ಪೂರ್ತಿ ಬರೆಯುತ್ತಿದ್ದೇನೆ.

ಪರೀಕ್ಷೆಯ ಸಮಯದಲ್ಲಿ ಒಂದು ಶಾಲೆಯಲ್ಲಿ ಹೀಗಾಯಿತು. ಟೀಚರ್ ಬೆಳಿಗ್ಗೆಯಿಂದ ಕೂತು ಅಂಕಪಟ್ಟಿ ತುಂಬಿಸಿದ್ದರು. ಲಿಬ್ರೆಆಫೀಸ್ ಕಿಟಕಿ ಮಾಯವಾಯಿತು. ಐಕಾನ್ ಮೇಲೆ ಐದಾರು ಸಲ ಒತ್ತಿದರೂ ತೆರೆಯಲಿಲ್ಲ. ಕೊನೆಗೆ ಪವರ್ ಬಟನ್ ಹಿಡಿದು ಆರಿಸಿದರು, ಅರ್ಧ ದಿನದ ಕೆಲಸ ಹೋಯಿತು. ಹಳೆಯ ಲಿಬ್ರೆಆಫೀಸ್ ಒಳಗೆ ಇನ್ನೂ ಕೂತಿತ್ತು, ಅಷ್ಟೇ ವಿಷಯ. ನೋಡುವುದು ಹೇಗೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಕೇರಳದ ಶಾಲಾ ಲ್ಯಾಬ್‌ಗಳಲ್ಲಿ ಇರುವುದು ಉಬುಂಟು ಆಧಾರದ ಲಿನಕ್ಸ್. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅದಕ್ಕೆ ಸರಿಯಾಗಿ ಹೊಂದುತ್ತದೆ. ಬೇರೆ ಲಿನಕ್ಸ್‌ಗಳಲ್ಲೂ ಹೆಚ್ಚು ಕಡಿಮೆ ಇದೇ. ಕಮಾಂಡ್‌ಗಳನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಅದೂ ಸಣ್ಣ ಅಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಬಿಡಿಸಿ ಹೇಳುತ್ತೇನೆ.

ಹಂತ 1: ಟರ್ಮಿನಲ್ ತೆರೆಯಿರಿ, ಮೊದಲು ಕೀಬೋರ್ಡಿನ ಭಾಷೆ ನೋಡಿ

ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ ತೆರೆಯುತ್ತದೆ.

ನಮ್ಮ ಕಡೆಯ ಯಂತ್ರಗಳಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಕೀಬೋರ್ಡ್ ಇರುತ್ತವೆ. ಹಿಂದಿನ ಪೀರಿಯಡ್‌ನ ಮಕ್ಕಳು ಕನ್ನಡದಲ್ಲಿ ಟೈಪ್ ಮಾಡಿ ಹಾಗೇ ಬಿಟ್ಟು ಹೋಗಿರುತ್ತಾರೆ. ನೀವು ಪಿ, ಎಸ್ ಒತ್ತಿದರೆ ಬೇರೇನೋ ಅಕ್ಷರ ಬಿದ್ದು "ಕಮಾಂಡ್ ಸಿಗಲಿಲ್ಲ" ಎಂಬ ಸಂದೇಶ ಬರುತ್ತದೆ. ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ. ವಿಂಡೋಸ್ ಚಿಹ್ನೆಯ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಇಂಗ್ಲಿಷಿಗೆ ಬನ್ನಿ.

ಮೌಸ್ ಕೂಡ ಅಲುಗಾಡದಿದ್ದರೆ ಟರ್ಮಿನಲ್ ತೆರೆಯುವುದಿಲ್ಲ, ಅಲ್ವಾ? ಆಗ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ. ಕಪ್ಪು ಪರದೆ ಬಂದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಹೊಡೆಯುವಾಗ ಪರದೆಯಲ್ಲಿ ಏನೂ ಕಾಣುವುದಿಲ್ಲ, ಚುಕ್ಕಿ ಸಹ ಇಲ್ಲ. ಅದು ಹಾಗೇ. ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳು ಈ ಕಪ್ಪು ಪರದೆಯಲ್ಲಿ ಬರೀ ಚೌಕಗಳಾಗಿ ಕಾಣಬಹುದು. ಫೈಲ್ ಹಾಳಾಗಿದೆ ಎಂದು ಹೆದರಬೇಡಿ, ಆ ಪರದೆಗೆ ಕನ್ನಡ ತೋರಿಸಲು ಬರುವುದಿಲ್ಲ, ಅಷ್ಟೇ. ಕೆಲಸ ಮುಗಿದ ಮೇಲೆ ಕಂಟ್ರೋಲ್, ಆಲ್ಟ್, ಎಫ್2 ಒತ್ತಿದರೆ ಮಾಮೂಲಿ ಪರದೆಗೆ ಮರಳಬಹುದು. ಕೆಲವು ಯಂತ್ರಗಳಲ್ಲಿ ಅದು ಎಫ್1 ಅಥವಾ ಎಫ್7.

ಇನ್ನೊಂದು ಮಾತು. ಟರ್ಮಿನಲ್‌ನಲ್ಲಿ ಟೈಪ್ ಮಾಡಿದ್ದು ಕಾಣುತ್ತಲೇ ಇಲ್ಲ, ಆದರೆ ಮೌಸ್ ಎಲ್ಲ ಸರಿ ಇದೆ ಅಂದರೆ, ಸೇವ್ ಮಾಡುವ ಅಭ್ಯಾಸದಲ್ಲಿ ಕಂಟ್ರೋಲ್ ಎಸ್ ಒತ್ತಿರಬಹುದು. ಟರ್ಮಿನಲ್‌ನಲ್ಲಿ ಅದು ಪರದೆಯನ್ನು ತಡೆದು ನಿಲ್ಲಿಸುತ್ತದೆ. ಕಂಟ್ರೋಲ್ ಕ್ಯೂ ಒತ್ತಿ, ಬಿಟ್ಟುಕೊಳ್ಳುತ್ತದೆ.

ಹಂತ 2: ಯಂತ್ರಕ್ಕೆ ಎಷ್ಟು ಭಾರ ಇದೆ ಎಂದು ನೋಡಿ

ಎಲ್ಲರೂ ಈ ಹಂತ ಬಿಟ್ಟು ನೇರವಾಗಿ ಪಟ್ಟಿ ನೋಡಲು ಹೋಗುತ್ತಾರೆ. ಹೋಗಬೇಡಿ, ಅರ್ಧ ನಿಮಿಷ ಸಾಕು. ಮೂರು ಕಮಾಂಡ್, ಒಂದೊಂದಾಗಿ:

ಅಪ್‌ಟೈಮ್
ಎನ್‌ಪ್ರಾಕ್
ಫ್ರೀ -ಎಚ್

ಮೊದಲನೆಯದರ ಸಾಲಿನ ಕೊನೆಗೆ ಮೂರು ಅಂಕಿ ಬರುತ್ತವೆ, 5.80, 4.10, 2.02 ಎಂಬ ಹಾಗೆ. ಇದಕ್ಕೆ ಲೋಡ್ ಸರಾಸರಿ ಎನ್ನುತ್ತಾರೆ. ಕಳೆದ 1 ನಿಮಿಷ, 5 ನಿಮಿಷ, 15 ನಿಮಿಷದಲ್ಲಿ ಎಷ್ಟು ಕೆಲಸಗಳು ಸರದಿಯಲ್ಲಿ ಇದ್ದವು ಎಂಬ ಲೆಕ್ಕ. ಎರಡನೆಯ ಕಮಾಂಡ್ (ಅಕ್ಷರಗಳು ಎನ್, ಪಿ, ಆರ್, ಒ, ಸಿ) ಬರೀ ಒಂದು ಅಂಕಿ ಕೊಡುತ್ತದೆ: ಲಿನಕ್ಸಿನ ಲೆಕ್ಕದಲ್ಲಿ ಪ್ರೊಸೆಸರಿಗೆ ಎಷ್ಟು ಕೋರ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಭಾಗಗಳು ಇವೆ ಎಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 4 ಕೋರ್ ಇರುವ ಯಂತ್ರದಲ್ಲಿ ಲೋಡ್ 3 ಇದ್ದರೆ ತೊಂದರೆ ಇಲ್ಲ. 2 ಕೋರ್ ಯಂತ್ರದಲ್ಲಿ 5.80 ಅಂದರೆ ಕೌಂಟರ್‌ನಲ್ಲಿ ಇಬ್ಬರು ಕೂತಿದ್ದಾರೆ, ಆರು ಜನ ನಿಂತಿದ್ದಾರೆ ಅಂದ ಹಾಗೆ. ಮೊದಲ ಅಂಕಿ ಮೂರನೆಯದಕ್ಕಿಂತ ದೊಡ್ಡದಿದ್ದರೆ ಭಾರ ಏರುತ್ತಿದೆ, ಸಣ್ಣದಿದ್ದರೆ ಇಳಿಯುತ್ತಿದೆ. ಇಳಿಯುತ್ತಿದ್ದರೆ ಸುಮ್ನೆ ಎರಡು ನಿಮಿಷ ಕಾಯಿರಿ, ತಾನೇ ಸರಿಹೋಗಬಹುದು.

ಒಂದು ಸೂಕ್ಷ್ಮ ಇದೆ. ಲಿನಕ್ಸ್ ಈ ಲೆಕ್ಕದಲ್ಲಿ ಡಿಸ್ಕಿಗಾಗಿ ಕಾದು ಕೂತ ಕೆಲಸಗಳನ್ನೂ ಸೇರಿಸುತ್ತದೆ. ಹಾಗಾಗಿ ಪ್ರೊಸೆಸರ್ ಖಾಲಿ ಕೂತಿದ್ದರೂ ಲೋಡ್ ಜಾಸ್ತಿ ಕಾಣಬಹುದು. ಹಾಗೆ ಕಂಡರೆ ಸಂಶಯ ಹೋಗಬೇಕಾದದ್ದು ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್, ನೆಟ್‌ವರ್ಕ್ ಕಡೆಗೆ.

ಮೂರನೆಯ ಕಮಾಂಡ್ ಮೆಮೊರಿಯದು. ಅಲ್ಲಿ ಫ್ರೀ ಎಂಬ ಕಂಬ ನೋಡಿ ಎಲ್ಲರೂ ಗಾಬರಿಯಾಗುತ್ತಾರೆ, ಏಕೆಂದರೆ ಅದು ಯಾವಾಗಲೂ ಕಡಿಮೆ ಇರುತ್ತದೆ. ಖಾಲಿ ಮೆಮೊರಿಯನ್ನು ಲಿನಕ್ಸ್ ಫೈಲ್‌ಗಳ ನಕಲು ಇಡಲು ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ಕೊನೆಯ ಕಂಬ, ಅವೈಲಬಲ್. 4 ಜಿಬಿ ಯಂತ್ರದಲ್ಲಿ ಅದು 200 ಎಂಬಿಗಿಂತ ಕೆಳಗೆ ಬಂದು, ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಸಾಲಿನಲ್ಲಿ ಬಳಕೆ ಏರುತ್ತಿದ್ದರೆ ಮೆಮೊರಿ ನಿಜವಾಗಿ ಮುಗಿದಿದೆ.

ಹಂತ 3: ಪೂರ್ತಿ ಪಟ್ಟಿ ತೆಗೆಯಿರಿ

ಬರೀ ಪಿಎಸ್ ಅಂದರೆ ಈ ಟರ್ಮಿನಲ್‌ನಲ್ಲಿ ನೀವು ಶುರು ಮಾಡಿದ ಪ್ರೊಸೆಸ್‌ಗಳು ಮಾತ್ರ ಬರುತ್ತವೆ. ಅದಕ್ಕೇ ಎರಡು ಸಾಲು: ಒಂದು ಬ್ಯಾಶ್ (ನೀವು ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ), ಇನ್ನೊಂದು ಆ ಪಿಎಸ್ ಕಮಾಂಡೇ. ಎಲ್ಲವನ್ನೂ ನೋಡಲು:

ಪಿಎಸ್ ಎಯುಎಕ್ಸ್ | ಲೆಸ್

ಪಿ, ಎಸ್, ಸ್ಪೇಸ್, ನಂತರ ಎ, ಯು, ಎಕ್ಸ್ ಎಂಬ ಮೂರು ಅಕ್ಷರ ಒಟ್ಟಿಗೆ. ಅವುಗಳ ಮುಂದೆ ಅಡ್ಡಗೆರೆ ಹಾಕಬೇಡಿ. ಈ ಕಮಾಂಡಿನಲ್ಲಿ ಅಡ್ಡಗೆರೆ ಇದ್ದರೆ ಅರ್ಥ ಬೇರೆಯಾಗುತ್ತದೆ. ಹೆಚ್ಚಿನ ಸಲ ಅದೇ ಫಲ ಕೊಟ್ಟರೂ ಅದು ಪಿಎಸ್ ನಿಮ್ಮ ತಪ್ಪನ್ನು ಊಹಿಸಿ ಸರಿಮಾಡಿಕೊಂಡದ್ದು ಮಾತ್ರ. ಮಧ್ಯದ ನಿಂತ ಗೆರೆ ಎಂಟರ್ ಕೀಯ ಹತ್ತಿರ ಇರುತ್ತದೆ, ಶಿಫ್ಟ್ ಹಿಡಿದು ಒತ್ತಬೇಕು. ಲೆಸ್ ಸೇರಿಸಿದರೆ ಪಟ್ಟಿ ಒಂದೊಂದು ಪರದೆಯಾಗಿ ಬರುತ್ತದೆ. ಸ್ಪೇಸ್ ಒತ್ತಿದರೆ ಮುಂದಿನ ಪರದೆ, ಕ್ಯೂ ಒತ್ತಿದರೆ ಹೊರಗೆ.

ಪಟ್ಟಿಯಲ್ಲಿ ಹನ್ನೊಂದು ಕಂಬಗಳು. ಎಲ್ಲವೂ ಬೇಕಾಗುವುದಿಲ್ಲ. ಮೊದಲನೆಯದು ಯಾರ ಪ್ರೊಸೆಸ್ ಎಂಬುದು. ಹೆಸರು ಉದ್ದ ಇದ್ದರೆ ಕತ್ತರಿಸಿ ಕೊನೆಗೆ ಕೂಡಿಸುವ ಚಿಹ್ನೆ ಹಾಕುತ್ತದೆ. ಎರಡನೆಯದು ಪಿಐಡಿ, ಅಂದರೆ ಪ್ರೊಸೆಸ್‌ನ ನಂಬರ್. ಮುಂದಿನ ಎಲ್ಲ ಕೆಲಸಕ್ಕೂ ಇದೇ ಬೇಕು. ಆರನೆಯದು ಆರ್‌ಎಸ್‌ಎಸ್, ನಿಜವಾಗಿ ಮೆಮೊರಿಯಲ್ಲಿ ಕೂತ ಗಾತ್ರ, ಕಿಲೋಬೈಟ್ ಲೆಕ್ಕದಲ್ಲಿ. ಅದರ ಹಿಂದಿನ ವಿಎಸ್‌ಝಡ್ ಎಂಬ ದೊಡ್ಡ ಅಂಕಿ ನೋಡಿ ಹೆದರುವುದು ಬೇಡ, ಅದು ಕೇಳಿಟ್ಟುಕೊಂಡ ಜಾಗ, ಬಳಸಿದ ಜಾಗವಲ್ಲ. ಎಲ್ಲ ಸಾಲುಗಳ ಆರ್‌ಎಸ್‌ಎಸ್ ಕೂಡಿಸಿ ಯಂತ್ರದ ಮೆಮೊರಿಗಿಂತ ಜಾಸ್ತಿ ಬಂತಲ್ಲ ಎಂದು ಒಬ್ಬರು ಕೇಳಿದ್ದರು. ಹಾಗೆ ಕೂಡಿಸಬಾರದು. ಹಲವು ಪ್ರೊಸೆಸ್‌ಗಳು ಹಂಚಿಕೊಂಡ ಭಾಗ ಪ್ರತಿಯೊಂದರಲ್ಲೂ ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತದೆ.

ಚೌಕ ಕಂಸದ ಒಳಗೆ ಹೆಸರಿರುವ ಸಾಲುಗಳು ಕರ್ನಲ್‌ನ, ಅಂದರೆ ಲಿನಕ್ಸಿನ ತಿರುಳಿನ, ಸ್ವಂತ ಕೆಲಸದವು. ಅವುಗಳ ಒಡೆಯ ರೂಟ್ (ಎಲ್ಲ ಅಧಿಕಾರ ಇರುವ ಖಾತೆ), ಆರ್‌ಎಸ್‌ಎಸ್ ಸೊನ್ನೆ. ಅವನ್ನು ಮುಟ್ಟುವುದೇ ಬೇಡ. ಆದರೆ ಕಂಸದೊಳಗೆ ಹೆಸರಿದ್ದು, ಒಡೆಯ ಮಾತ್ರ ಒಬ್ಬ ಸಾಮಾನ್ಯ ಬಳಕೆದಾರ, ಮೆಮೊರಿ, ಸಿಪಿಯು ಎರಡನ್ನೂ ತಿನ್ನುತ್ತಿದ್ದರೆ ಅದು ಕರ್ನಲ್ ಅಲ್ಲ, ವೇಷ ಹಾಕಿದ ಬೇರೆ ಏನೋ ಇರಬಹುದು. ನೆಟ್ ತಪ್ಪಿಸಿ ತಿಳಿದವರನ್ನು ಕರೆಯಿರಿ.

ಈಗ ಅತಿ ಹೆಚ್ಚು ಜನ ಎಡವುವ ಜಾಗ. ಪಿಎಸ್ ತೋರಿಸುವ ಸಿಪಿಯು ಶೇಕಡಾ ಈ ಕ್ಷಣದ್ದಲ್ಲ. ಪ್ರೊಸೆಸ್ ಹುಟ್ಟಿದಂದಿನಿಂದ ಇಂದಿನವರೆಗಿನ ಸರಾಸರಿ. ಬೆಳಿಗ್ಗೆ 9ಕ್ಕೆ ಶುರುವಾಗಿ ಮಧ್ಯಾಹ್ನದವರೆಗೆ ಸುಮ್ನೆ ಕೂತಿದ್ದ ಪ್ರೋಗ್ರಾಂ ಈಗಷ್ಟೇ ಹುಚ್ಚು ಕಟ್ಟಿ ಓಡುತ್ತಿದ್ದರೂ ಪಿಎಸ್ ಅದಕ್ಕೆ ಶೇಕಡಾ 2 ಎಂದು ತೋರಿಸಬಹುದು. "ಪಿಎಸ್‌ನಲ್ಲಿ ಯಾವುದೂ ಜಾಸ್ತಿ ಇಲ್ಲ, ಆದರೆ ಫ್ಯಾನ್ ಕಿರುಚುತ್ತದೆ" ಎನ್ನುವವರೆಲ್ಲ ಇಲ್ಲೇ ಸಿಕ್ಕಿಬಿದ್ದವರು. ಈ ಕ್ಷಣದ ಲೆಕ್ಕಕ್ಕೆ ಟಾಪ್ ಬೇಕು, ಹಂತ 5ರಲ್ಲಿ ಬರುತ್ತದೆ.

ಹಂತ 4: ಸ್ಟ್ಯಾಟ್ ಕಂಬದ ಅಕ್ಷರ ಓದಿ

ಇಡೀ ಪಟ್ಟಿಯಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಎಂಟನೆಯ ಕಂಬ. ಎಷ್ಟು ತಿನ್ನುತ್ತಿದೆ ಎನ್ನುವುದಕ್ಕಿಂತ ಯಾವ ಸ್ಥಿತಿಯಲ್ಲಿದೆ ಎನ್ನುವುದು ಮೊದಲು ತಿಳಿಯಬೇಕು. ಏಕೆಂದರೆ ಮದ್ದು ಸ್ಥಿತಿಗೆ ತಕ್ಕ ಹಾಗೆ ಬೇರೆ. ಇದನ್ನು ಓದದೆ ಕಿಲ್ (ಪ್ರೊಸೆಸ್ ನಿಲ್ಲಿಸುವ ಕಮಾಂಡ್, ಹಂತ 7) ಹೊಡೆಯುವುದು, ಜ್ವರವೋ ಹೊಟ್ಟೆನೋವೋ ಕೇಳದೆ ಮಾತ್ರೆ ಕೊಟ್ಟ ಹಾಗೆ.

ಎಸ್ ಎಂದರೆ ನಿದ್ದೆ, ಕರೆದರೆ ಏಳುವ ನಿದ್ದೆ. ಪಟ್ಟಿಯಲ್ಲಿ ಹೆಚ್ಚಿನವು ಎಸ್ ಆಗಿರುತ್ತವೆ, ಹಾಗೇ ಇರಬೇಕು. "ಎಲ್ಲವೂ ಮಲಗಿವೆ, ಅದಕ್ಕೇ ನಿಧಾನ" ಎಂದು ತಿಳಿದು ಒಬ್ಬರು ಇಪ್ಪತ್ತು ಪ್ರೊಸೆಸ್ ಕೊಂದಿದ್ದರು. ಅವು ನಿಮ್ಮ ಮುಂದಿನ ಕೀ ಒತ್ತುವಿಕೆಗಾಗಿ ಕಾಯುತ್ತಿರುವವು. ಕರ್ನಲ್‌ನ ಸಾಲುಗಳಲ್ಲಿ ದೊಡ್ಡ ಐ ಕಂಡರೆ ಅದೂ ಹಾಗೇ, ಕೆಲಸವಿಲ್ಲದೆ ಕೂತದ್ದು.

ಆರ್ ಎಂದರೆ ಓಡುತ್ತಿದೆ, ಅಥವಾ ಓಡಲು ತಯಾರಾಗಿ ಸರದಿಯಲ್ಲಿದೆ. ಒಂದೇ ಪ್ರೊಸೆಸ್ ಹತ್ತು ಸಲ ನೋಡಿದಾಗಲೂ ಆರ್ ಆಗಿಯೇ ಇದ್ದು, ಕಿಟಕಿ ಮಾತ್ರ ಸ್ಪಂದಿಸದಿದ್ದರೆ ಅದು ಒಳಗೆ ಎಲ್ಲೋ ಸುತ್ತುತ್ತಲೇ ಇದೆ.

ಡಿ ಎಂದರೆ ಎಬ್ಬಿಸಲಾಗದ ನಿದ್ದೆ. ಹೆಚ್ಚಾಗಿ ಡಿಸ್ಕ್, ಪೆನ್‌ಡ್ರೈವ್ ಅಥವಾ ನೆಟ್‌ವರ್ಕಿನ ಫೋಲ್ಡರ್‌ನಿಂದ ಉತ್ತರ ಬರಲೆಂದು ಕಾಯುತ್ತಿದೆ. ಒಮ್ಮೆ ಕಂಡರೆ ಏನೂ ಅಲ್ಲ, ಕ್ಷಣಕಾಲ ಎಲ್ಲವೂ ಡಿ ಆಗುತ್ತವೆ. ಹತ್ತು ಸೆಕೆಂಡು ಬಿಟ್ಟು ಮತ್ತೆ ನೋಡಿ, ಮತ್ತೊಮ್ಮೆ ನೋಡಿ. ಮೂರು ಸಲವೂ ಅದೇ ಪಿಐಡಿ ಡಿ ಆಗಿದ್ದರೆ ಸಿಕ್ಕಿಬಿದ್ದಿದೆ. ಅದಕ್ಕೆ ಕಿಲ್ -9 ಹೊಡೆದರೂ ಸಾಮಾನ್ಯವಾಗಿ ನಾಟುವುದಿಲ್ಲ. ಕಾಯುತ್ತಿರುವ ಉತ್ತರ ಬಂದ ಮೇಲೆಯೇ ಅದು ಆ ಆಜ್ಞೆಯನ್ನು ನೋಡುವುದು. ಪೆನ್‌ಡ್ರೈವ್‌ಗೆ ಫೋಟೋ ಹಾಕುವಾಗ ಹೀಗಾದರೆ ಎಳೆದು ತೆಗೆಯಬೇಡಿ, ಬರೆಯುವುದು ಮುಗಿಯಲಿ. ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ದಿನವೂ ಡಿ ಕಾಣತೊಡಗಿದರೆ ಡಿಸ್ಕ್ ಸಾಯುವ ಸೂಚನೆ ಇರಬಹುದು, ಅಂದೇ ಫೈಲ್‌ಗಳ ನಕಲು ತೆಗೆದಿಡಿ.

ಟಿ ಎಂದರೆ ನಿಲ್ಲಿಸಲ್ಪಟ್ಟಿದೆ. ಇದರ ಹಿಂದೆ ಹೆಚ್ಚಾಗಿ ಕಂಟ್ರೋಲ್ ಝಡ್ ಇರುತ್ತದೆ. ವರ್ಡಿನಲ್ಲಿ ಅಳಿಸಿದ್ದನ್ನು ವಾಪಸ್ ತರುವ ಕೀ ಅದು. ಟರ್ಮಿನಲ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂ ಅನ್ನು ಅದು ಅಲ್ಲೇ ಹೆಪ್ಪುಗಟ್ಟಿಸುತ್ತದೆ. ಪರದೆಗೆ ಮಾಮೂಲಿ ಕರ್ಸರ್ ಬಂತಲ್ಲ, ಮುಗಿಯಿತು ಎಂದು ಜನ ತಿಳಿಯುತ್ತಾರೆ. ಮುಗಿದಿಲ್ಲ, ಮೆಮೊರಿ ಹಿಡಿದುಕೊಂಡು ಕೂತಿದೆ. ಜಾಬ್ಸ್ ಎಂದು ಹೊಡೆದರೆ ಅಂಥವುಗಳ ಪಟ್ಟಿ ಬರುತ್ತದೆ. ಎಫ್‌ಜಿ ಎಂದರೆ ಮತ್ತೆ ಮುಂದಕ್ಕೆ ಬರುತ್ತದೆ, ಬಿಜಿ ಎಂದರೆ ಹಿನ್ನೆಲೆಯಲ್ಲಿ ಮುಂದುವರಿಯುತ್ತದೆ. ನಿಜವಾಗಿ ಮುಗಿಸಲು ಇರುವುದು ಕಂಟ್ರೋಲ್ ಸಿ.

ಝಡ್ ಎಂದರೆ ಸತ್ತದ್ದು, ಆದರೆ ಹೆಸರು ಇನ್ನೂ ಪಟ್ಟಿಯಲ್ಲಿದೆ. ಇಂಗ್ಲಿಷಿನಲ್ಲಿ ಜೋಂಬಿ ಎನ್ನುತ್ತಾರೆ, ಸಾಲಿನ ಕೊನೆಗೆ ಡಿಫಂಕ್ಟ್ ಎಂದಿರುತ್ತದೆ. ಅದನ್ನು ಹುಟ್ಟಿಸಿದ ತಾಯಿ ಪ್ರೊಸೆಸ್ ಬಂದು "ಹೌದು, ಮುಗಿಯಿತು" ಎಂದು ದಾಖಲೆ ತೆಗೆದುಕೊಂಡು ಹೋಗಬೇಕು. ಅಲ್ಲಿಯವರೆಗೆ ಹೆಸರು ಉಳಿಯುತ್ತದೆ. ಝಡ್‌ಗೆ ಕಿಲ್ ಹೊಡೆಯುವುದು ವ್ಯರ್ಥ, ಸತ್ತದ್ದನ್ನು ಮತ್ತೆ ಕೊಲ್ಲಲಾಗದು. ಮೆಮೊರಿಯನ್ನೂ ಅದು ತಿನ್ನುವುದಿಲ್ಲ. ಒಂದೆರಡು ಇದ್ದರೆ ಬಿಟ್ಟುಬಿಡಿ. ಹತ್ತಿಪ್ಪತ್ತು ಸೇರುತ್ತಾ ಹೋದರೆ ತಾಯಿಯನ್ನು ಹುಡುಕಿ ಅದನ್ನು ಮುಚ್ಚಬೇಕು.

ದೊಡ್ಡಕ್ಷರದ ಪಕ್ಕದಲ್ಲಿ ಸಣ್ಣ ಗುರುತುಗಳೂ ಇರುತ್ತವೆ. ಸಣ್ಣ ಎಲ್ ಎಂದರೆ ಒಳಗೆ ಹಲವು ಎಳೆಗಳಿವೆ, ಸಣ್ಣ ಎಸ್ ಎಂದರೆ ಗುಂಪಿನ ಯಜಮಾನ, ಕೂಡಿಸುವ ಚಿಹ್ನೆ ಎಂದರೆ ಟರ್ಮಿನಲ್‌ನಲ್ಲಿ ಈಗ ಮುಂದಿರುವುದು. ಗುರುತಿಸಿದರೆ ಸಾಕು.

ಹಂತ 5: ಟಾಪ್‌ನಲ್ಲಿ ಈ ಕ್ಷಣದ ಓಟ ನೋಡಿ

ಟಾಪ್ ಎಂದು ಹೊಡೆಯಿರಿ. ಪರದೆ ಕೆಲವು ಸೆಕೆಂಡಿಗೊಮ್ಮೆ ತಾನೇ ಬದಲಾಗುತ್ತದೆ. ಮೊದಲ ಪರದೆಯನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ, ಮೂರು ನಾಲ್ಕು ಸಲ ಬದಲಾಗಲಿ. ಒಂದು ಸಲ ಮೇಲೆ ಬಂದು ಹೋದದ್ದು ಅಪರಾಧಿ ಅಲ್ಲ, ಮತ್ತೆ ಮತ್ತೆ ಮೇಲೆಯೇ ಇರುವುದನ್ನು ನೋಡಿ.

ಶಿಫ್ಟ್ ಹಿಡಿದು ಎಂ ಒತ್ತಿದರೆ ಮೆಮೊರಿ ಜಾಸ್ತಿ ತಿನ್ನುವುದು ಮೇಲೆ, ಶಿಫ್ಟ್ ಹಿಡಿದು ಪಿ ಒತ್ತಿದರೆ ಸಿಪಿಯು ಜಾಸ್ತಿ ತಿನ್ನುವುದು ಮೇಲೆ. ಸಣ್ಣ ಸಿ ಒತ್ತಿದರೆ ಪೂರ್ತಿ ಕಮಾಂಡ್ ಕಾಣುತ್ತದೆ. ಅಂಕಿ 1 ಒತ್ತಿದರೆ ಪ್ರತಿ ಕೋರ್ ಬೇರೆ ಬೇರೆ. ಹೊರಬರಲು ಕ್ಯೂ. ಇಲ್ಲಿಯೂ ಕಂಟ್ರೋಲ್ ಝಡ್ ಒತ್ತಿ ಹೊರಬಂದವರ ಯಂತ್ರದಲ್ಲಿ ನಾಲ್ಕೈದು ಟಾಪ್‌ಗಳು ಟಿ ಸ್ಥಿತಿಯಲ್ಲಿ ಕೂತಿರುವುದನ್ನು ನೋಡಿದ್ದೇನೆ.

"ಶೇಕಡಾ 180 ತೋರಿಸುತ್ತದೆ, ಟಾಪ್ ಕೆಟ್ಟಿದೆಯಾ?" ಎಂದು ಕೇಳುತ್ತಾರೆ. ಕೆಟ್ಟಿಲ್ಲ. ಒಂದು ಕೋರ್ ಪೂರ್ತಿ ಬಳಸಿದರೆ 100. ನಾಲ್ಕು ಕೋರ್ ಇದ್ದರೆ 400ರವರೆಗೂ ಹೋಗಬಹುದು.

ಮೇಲಿನ ಸಿಪಿಯು ಸಾಲಿನಲ್ಲಿ ಡಬ್ಲ್ಯೂ, ಎ ಎಂಬ ಎರಡಕ್ಷರದ ಹಿಂದಿನ ಅಂಕಿ ನೋಡಿ. ಡಿಸ್ಕಿಗಾಗಿ ಕಾದು ವ್ಯರ್ಥವಾದ ಹೊತ್ತಿನ ಪಾಲು ಅದು. ಅದು 30, 40 ಹೀಗೆ ನಿಂತೇ ಇದ್ದರೆ ಪ್ರೊಸೆಸರನ್ನು ದೂರಬೇಡಿ. ಹಂತ 4ರ ಡಿ ಸಾಲುಗಳಿಗೆ ಹೋಗಿ, ಯಾರು ಡಿಸ್ಕನ್ನು ಜಗ್ಗುತ್ತಿದ್ದಾರೆ ಎಂದು ಅಲ್ಲಿ ತಿಳಿಯುತ್ತದೆ.

ಎಚ್ಚರಿಕೆ: ಟಾಪ್‌ನಲ್ಲಿ ಕೆ ಒತ್ತಿದರೆ ಯಾವುದನ್ನು ಕೊಲ್ಲಬೇಕು ಎಂದು ಕೇಳುತ್ತದೆ. ನೀವು ನಂಬರ್ ಕೊಡದೆ ಎಂಟರ್ ಮೇಲೆ ಎಂಟರ್ ಒತ್ತಿದರೆ ಪಟ್ಟಿಯ ಮೊದಲ ಪ್ರೊಸೆಸ್ಸಿಗೇ ಹೋಗಿ ಬೀಳುತ್ತದೆ. ತಪ್ಪಿ ಕೆ ಒತ್ತಿದರೆ ಎಸ್ಕೇಪ್ ಒತ್ತಿ ಹಿಂದೆ ಬನ್ನಿ.

ಎಚ್‌ಟಾಪ್ ಎಂಬುದು ಬಣ್ಣ ಬಣ್ಣವಾಗಿ, ಮೌಸಿಗೂ ಸ್ಪಂದಿಸುತ್ತದೆ, ಹಾಕಿಕೊಂಡರೆ ಒಳ್ಳೆಯದೇ. ಆದರೆ ಹ್ಯಾಂಗ್ ಆದ ಯಂತ್ರದಲ್ಲಿ ಹೊಸತಾಗಿ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಟಾಪ್ ಎಲ್ಲ ಕಡೆ ಇರುತ್ತದೆ, ಅದನ್ನೇ ಕಲಿಯಿರಿ.

ಹಂತ 6: ನಿಮಗೆ ಬೇಕಾದ ಒಂದನ್ನೇ ಹುಡುಕಿ

ಹೆಚ್ಚಿನವರು ಪಿಎಸ್ ಪಟ್ಟಿಯನ್ನು ಗ್ರೆಪ್‌ಗೆ (ಸಾಲುಗಳಲ್ಲಿ ಪದ ಹುಡುಕುವ ಕಮಾಂಡ್, ಅಕ್ಷರಗಳು ಜಿ, ಆರ್, ಇ, ಪಿ) ಕೊಟ್ಟು ಹುಡುಕುತ್ತಾರೆ. ಆಗ ಒಂದು ಸಾಲು ಯಾವಾಗಲೂ ಸಿಗುತ್ತದೆ, ಅದು ಗ್ರೆಪ್ ತಾನೇ! ಪ್ರೋಗ್ರಾಂ ಓಡುತ್ತಿಲ್ಲದಿದ್ದರೂ ಓಡುತ್ತಿದೆ ಎಂದು ಭ್ರಮೆ ಆಗುತ್ತದೆ. ಇದರ ಬದಲು:

ಪಿಗ್ರೆಪ್ -ಎ ಎಸ್‌ಆಫೀಸ್

ಪಿ ಅಕ್ಷರಕ್ಕೆ ಗ್ರೆಪ್ ಸೇರಿಸಿ, ಸ್ಪೇಸ್, ಅಡ್ಡಗೆರೆ ಎ, ಸ್ಪೇಸ್, ನಂತರ ಎಸ್ ಅಕ್ಷರಕ್ಕೆ ಆಫೀಸ್ ಅಂಟಿಸಿ. ಲಿಬ್ರೆಆಫೀಸ್ ಒಳಗೆ ಈ ಹೆಸರಿನಲ್ಲಿ ಓಡುತ್ತದೆ. ಲಿಬ್ರೆ ಎಂದು ಹುಡುಕಿದರೆ ಸಿಗದೇ ಹೋಗಬಹುದು, ಹಲವರು ಅಲ್ಲೇ ಕೈಬಿಡುತ್ತಾರೆ.

ಹೆಸರಿನಲ್ಲಿ ಇನ್ನೊಂದು ಸಿಕ್ಕು ಇದೆ. ಕರ್ನಲ್ ಪ್ರೊಸೆಸ್ ಹೆಸರಿನ ಮೊದಲ 15 ಅಕ್ಷರ ಮಾತ್ರ ಇಟ್ಟುಕೊಳ್ಳುತ್ತದೆ. ಫೈರ್‌ಫಾಕ್ಸ್ ತೆರೆದಾಗ ಟಾಪ್‌ನಲ್ಲಿ ಐಸೊಲೇಟೆಡ್ ವೆಬ್ ಸಿಒ ಎಂಬ ಅರ್ಧ ಹೆಸರು ಸಾಲುಸಾಲಾಗಿ ಕಾಣುತ್ತದಲ್ಲ, ಅದು ಕತ್ತರಿಸಿದ ಹೆಸರು. ವೈರಸ್ ಅಲ್ಲ, ಫೈರ್‌ಫಾಕ್ಸಿನ ಟ್ಯಾಬ್‌ಗಳು. ಉದ್ದ ಹೆಸರು ಹುಡುಕುವಾಗ ಅಡ್ಡಗೆರೆಯ ನಂತರ ಎ ಬದಲು ಎಎಫ್ ಹಾಕಿ, ಪೂರ್ತಿ ಕಮಾಂಡಿನಲ್ಲಿ ಹುಡುಕುತ್ತದೆ.

ಪಿಐಡಿ ಸಿಕ್ಕಿತು ಅಂದುಕೊಳ್ಳಿ, 4821. ಈಗ ಅದರ ಜಾತಕ ತೆಗೆಯಿರಿ:

ಪಿಎಸ್ -ಒ ಪಿಐಡಿ,ಪಿಪಿಐಡಿ,ಸ್ಟ್ಯಾಟ್,ಇಟೈಮ್,ಆರ್ಗ್ಸ್ -ಪಿ 4821

ಅಲ್ಪವಿರಾಮದ ನಂತರ ಸ್ಪೇಸ್ ಬೇಡ, ಹಾಕಿದರೆ ತಪ್ಪಾಗಿದೆ ಎಂಬ ಸಂದೇಶ ಬರುತ್ತದೆ. ಪಿಪಿಐಡಿ ಎಂದರೆ ತಾಯಿಯ ನಂಬರ್. ಇಟೈಮ್ ಎಂದರೆ ಹುಟ್ಟಿ ಎಷ್ಟು ಹೊತ್ತಾಯಿತು ಎಂದು. ಅಲ್ಲಿ 05:12 ಕಂಡರೆ ಅದು 5 ನಿಮಿಷ 12 ಸೆಕೆಂಡು, 5 ಗಂಟೆ ಅಲ್ಲ. ಗಂಟೆ ದಾಟಿದರೆ ಮೂರು ಭಾಗ ಇರುತ್ತದೆ, ದಿನ ದಾಟಿದರೆ ಮುಂದೆ ದಿನದ ಲೆಕ್ಕ ಮತ್ತು ಅಡ್ಡಗೆರೆ. ಟೀಚರ್ ಕಥೆಯಲ್ಲಿ ಕಿಟಕಿ ಮಾಯವಾಗಿ ಹತ್ತು ನಿಮಿಷ ಆಗಿತ್ತು. ಎಸ್‌ಆಫೀಸ್‌ನ ಇಟೈಮ್ ಮೂರು ಗಂಟೆ ತೋರಿಸಿದ್ದರೆ ಅದು ಬೆಳಿಗ್ಗೆಯದೇ ಎಂದು ಆಗಲೇ ತಿಳಿಯುತ್ತಿತ್ತು.

ಯಾರಿಂದ ಯಾರು ಹುಟ್ಟಿದರು ಎಂದು ಪೂರ್ತಿ ನೋಡಲು ಪಿಎಸ್‌ಟ್ರೀ -ಪಿ. ವಂಶವೃಕ್ಷದ ಹಾಗೆ ಬರುತ್ತದೆ, ಮೇಲೆ 1ನೇ ನಂಬರಿನ ಸಿಸ್ಟಮ್‌ಡಿ, ಯಂತ್ರ ಶುರುವಾದಾಗ ಮೊದಲು ಎದ್ದು ಉಳಿದವನ್ನು ಹುಟ್ಟಿಸುವ ಪ್ರೊಸೆಸ್.

ಹಂತ 7: ನಿಲ್ಲಿಸಲೇಬೇಕಾದರೆ, ಈ ಕ್ರಮದಲ್ಲಿ

ಮೊದಲು ಕಿಟಕಿಯನ್ನು ಮಾಮೂಲಿಯಾಗಿ ಮುಚ್ಚಲು ನೋಡಿ. ಆಗದಿದ್ದರೆ:

ಕಿಲ್ 4821

ಇದು ಹೆಸರಿಗೆ ಕಿಲ್, ಆದರೆ ಮಾಡುವುದು "ಕೆಲಸ ಕಟ್ಟಿಟ್ಟು ಹೊರಡು" ಎಂದು ಹೇಳುವುದಷ್ಟೇ. 15ನೇ ನಂಬರಿನ ಸಿಗ್ನಲ್. ಪ್ರೋಗ್ರಾಂಗೆ ತನ್ನ ಫೈಲ್‌ಗಳನ್ನು ಸರಿಯಾಗಿ ಮುಚ್ಚಲು ಅವಕಾಶ ಸಿಗುತ್ತದೆ. ಹತ್ತು ಸೆಕೆಂಡು ಕಾಯಿರಿ, ಹಂತ 6ರ ಪಿಗ್ರೆಪ್ ಮತ್ತೆ ಹೊಡೆಯಿರಿ. ಏನೂ ಬರದಿದ್ದರೆ ಹೋಯಿತು.

ಹೋಗದಿದ್ದರೆ ಮಾತ್ರ ಕಿಲ್ -9 4821. ಇಲ್ಲಿ ಪ್ರೋಗ್ರಾಂ ಅನ್ನು ಕೇಳುವುದೇ ಇಲ್ಲ, ಕರ್ನಲ್ ಕಿತ್ತು ಹಾಕುತ್ತದೆ. ಸೇವ್ ಮಾಡದ್ದು ಹೋಗುತ್ತದೆ. ಮೊದಲಿಗೇ -9 ಹೊಡೆಯುವ ಅಭ್ಯಾಸ ನಮ್ಮಲ್ಲಿ ಬಹಳ ಹರಡಿದೆ, ದಯವಿಟ್ಟು ಬಿಡಿ. ಲಿಬ್ರೆಆಫೀಸ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಮರಳಿ ಪಡೆಯುವ ಮಾಹಿತಿ ಬರೆದಿಡುತ್ತದೆ. ಹಾಗಾಗಿ ಮತ್ತೆ ತೆರೆದಾಗ ಮರಳಿ ಪಡೆಯಲೇ ಎಂದು ಕೇಳಿದರೆ ಹೌದು ಎನ್ನಿ. ಅವಸರದಲ್ಲಿ ಬೇಡ ಎಂದು ಒತ್ತಿ ಕಳೆದುಕೊಂಡವರಿದ್ದಾರೆ.

ನಂಬರ್ ಹೊಡೆಯುವ ಮೊದಲು ಈಗಷ್ಟೇ ನೋಡಿದ ಪಿಐಡಿಯೇ ಎಂದು ಖಾತ್ರಿ ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಯಂತ್ರ ಮತ್ತೆ ಶುರುವಾದರೆ ನಂಬರ್‌ಗಳೆಲ್ಲ ಬದಲಾಗಿರುತ್ತವೆ. ಚೀಟಿಯಲ್ಲಿ ಬರೆದಿಟ್ಟ ಬೆಳಗಿನ ನಂಬರ್ ಮಧ್ಯಾಹ್ನ ಬೇರೆ ಯಾರದ್ದೋ ಆಗಿರಬಹುದು. ಕಿಲ್‌ಆಲ್ ಎಂಬುದು ಆ ಹೆಸರಿನ ಎಲ್ಲವನ್ನೂ ಹೊಡೆಯುತ್ತದೆ. ಮುಂದೆ ಸುಡೊ (ರೂಟ್ ಅಧಿಕಾರದಲ್ಲಿ ಓಡಿಸುವ ಪದ, ಅಕ್ಷರಗಳು ಎಸ್, ಯು, ಡಿ, ಒ) ಸೇರಿಸಿದರೆ ಅದೇ ಯಂತ್ರದಲ್ಲಿ ಲಾಗಿನ್ ಆಗಿರುವ ಬೇರೆಯವರದ್ದೂ ಹೋಗುತ್ತದೆ. ನಿಮ್ಮದೇ ಪ್ರೊಸೆಸ್ ನಿಲ್ಲಿಸಲು ಸುಡೊ ಬೇಕಾಗಿಲ್ಲ. ಅನುಮತಿ ಇಲ್ಲ ಎಂದು ಬಂದರೆ ಅದು ನಿಮ್ಮದಲ್ಲ ಎಂದರ್ಥ, ಮೊದಲ ಕಂಬ ನೋಡಿ.

ಕೊಂದ ಕೂಡಲೇ ಹೊಸ ನಂಬರಿನಲ್ಲಿ ಮತ್ತೆ ಎದ್ದು ಬಂದರೆ ಅದು ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಸದಾ ಓಡಬೇಕಾದ ಪ್ರೋಗ್ರಾಂ. ಸಿಸ್ಟಮ್‌ಡಿ ಅದನ್ನು ಮತ್ತೆ ಹುಟ್ಟಿಸುತ್ತಿದೆ. ಮತ್ತೆ ಮತ್ತೆ ಕೊಲ್ಲಬೇಡಿ. ಪ್ರಿಂಟರಿನದ್ದಾದರೆ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕಪ್ಸ್ ಎಂದು ಹೊಡೆದು ಸ್ಥಿತಿ ಓದಿ. ರನ್ನಿಂಗ್ ಎಂದಿದೆಯೋ ಫೈಲ್ಡ್ ಎಂದಿದೆಯೋ ಅಲ್ಲಿ ಇರುತ್ತದೆ, ಕೆಳಗೆ ಕೊನೆಯ ಕೆಲವು ಸಂದೇಶಗಳೂ ಇರುತ್ತವೆ.

ಹಂತ 8: ಇನ್‌ಸ್ಟಾಲ್ ಆಗದೆ ಲಾಕ್ ಎಂದರೆ

ಇದು ಬೇರೆ ಥರದ್ದು, ಆದರೆ ಪ್ರತಿ ತಿಂಗಳೂ ಯಾರಾದರೂ ಕೇಳುತ್ತಾರೆ. ಏನಾದರೂ ಹಾಕಲು ಹೊರಟಾಗ ಲಾಕ್ ಸಿಗಲಿಲ್ಲ, ಇಂಥ ನಂಬರಿನ ಪ್ರೊಸೆಸ್ ಹಿಡಿದಿದೆ ಎನ್ನುತ್ತದೆ, ಹೆಸರು ಅನ್‌ಅಟೆಂಡೆಡ್ ಅಪ್‌ಗ್ರೇಡ್‌ನ ಅರ್ಧ. ಇಲ್ಲೂ ಅದೇ 15 ಅಕ್ಷರದ ಕತ್ತರಿ. ಲಾಕ್ ಫೈಲ್ ಅಳಿಸಿ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ. ಯಂತ್ರ ಹಿನ್ನೆಲೆಯಲ್ಲಿ ತಾನೇ ಅಪ್‌ಡೇಟ್ ಹಾಕಿಕೊಳ್ಳುತ್ತಿದೆ. ಮಧ್ಯದಲ್ಲಿ ಲಾಕ್ ಮುರಿದರೆ ಇಬ್ಬರು ಒಟ್ಟಿಗೆ ಒಂದೇ ಪುಸ್ತಕದಲ್ಲಿ ಬರೆದ ಹಾಗಾಗುತ್ತದೆ. ಆ ಪಿಐಡಿಗೆ ಹಂತ 6ರ ಜಾತಕ ತೆಗೆಯಿರಿ, ಓಡುತ್ತಿದ್ದರೆ ಬಿಡಿ, ಮುಗಿಯಲಿ. ನಿಧಾನದ ನೆಟ್‌ನಲ್ಲಿ ಅರ್ಧ ಗಂಟೆಯೂ ಹಿಡಿಯಬಹುದು.

ಆ ಹೊತ್ತಿಗೇ ಕರೆಂಟ್ ಹೋದರೆ ಅಪ್‌ಡೇಟ್ ಅರ್ಧಕ್ಕೆ ನಿಂತಿರುತ್ತದೆ. ಯಂತ್ರ ಬಂದ ಮೇಲೆ ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ ಹೊಡೆದರೆ ಬಾಕಿ ಉಳಿದದ್ದನ್ನು ಮುಗಿಸುತ್ತದೆ.

ಹಂತ 9: ತಾನಾಗಿ ಮಾಯವಾದರೆ ಕರ್ನಲನ್ನು ಕೇಳಿ

ಯಾರೂ ಕಿಲ್ ಹೊಡೆಯದೆ ಬ್ರೌಸರ್ ಇದ್ದಕ್ಕಿದ್ದಂತೆ ಮುಚ್ಚಿಹೋಗುತ್ತದಾ? ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್ ತಾನೇ ಒಂದು ದೊಡ್ಡ ಪ್ರೊಸೆಸ್ ಆರಿಸಿ ಕೊಲ್ಲುತ್ತದೆ. ಆಗ ಸುಡೊ ಡಿಮೆಸೇಜ್ ಎಂದು ಹೊಡೆಯಿರಿ. ಡಿಮೆಸೇಜ್ ಅಂತ ನಾವು ಓದಿದರೂ ಅಕ್ಷರಗಳು ಡಿ, ಎಂ, ಇ, ಎಸ್, ಜಿ. ಅದರ ಕೊನೆಯ ಸಾಲುಗಳಲ್ಲಿ ಔಟ್ ಆಫ್ ಮೆಮೊರಿ ಎಂದು ಬರೆದು ಯಾವ ಪಿಐಡಿ ಕೊಂದಿತು ಎಂಬ ದಾಖಲೆ ಇರುತ್ತದೆ. ಅದು ಕಂಡರೆ ಬ್ರೌಸರ್ ಕೆಟ್ಟಿಲ್ಲ, ಟ್ಯಾಬ್‌ಗಳು ಜಾಸ್ತಿ, ಮೆಮೊರಿ ಕಡಿಮೆ.

ಹಂತ 10: ಸಹಾಯ ಕೇಳುವ ಮೊದಲು ಬರೆದಿಡಿ

ಫೋನಿನಲ್ಲಿ "ಏನೇನೋ ಬರುತ್ತದೆ" ಎಂದರೆ ಯಾರಿಗೂ ಸಹಾಯ ಮಾಡಲು ಆಗುವುದಿಲ್ಲ. ಹ್ಯಾಂಗ್ ಆಗಿರುವಾಗಲೇ ಪಟ್ಟಿಯನ್ನು ಫೈಲಿಗೆ ಹಾಕಿ:

ಪಿಎಸ್ ಎಯುಎಕ್ಸ್‌ಎಫ್ > ಪಟ್ಟಿ1

ಫೈಲಿನ ಹೆಸರು ಇಂಗ್ಲಿಷಿನಲ್ಲಿ ಇಡಿ, ಸ್ಪೇಸ್ ಬೇಡ. ಕೊನೆಯ ಎಫ್ ತಾಯಿ ಮಕ್ಕಳ ಸಂಬಂಧವನ್ನೂ ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಪಟ್ಟಿ2 ಎಂದು ಇನ್ನೊಂದು ತೆಗೆಯಿರಿ. ಎರಡನ್ನೂ ಹೋಲಿಸಿದರೆ ಯಾವುದು ಡಿಯಲ್ಲೇ ಉಳಿದಿದೆ, ಯಾವುದರ ಟೈಮ್ ಕಂಬ ಏರಿದೆ ಎಂದು ಸ್ಪಷ್ಟವಾಗುತ್ತದೆ. ಅಪ್‌ಟೈಮ್‌ನ ಮೂರು ಅಂಕಿ, ಎನ್‌ಪ್ರಾಕ್‌ನ ಅಂಕಿ, ಫ್ರೀಯ ಕೊನೆಯ ಕಂಬ, ಇಷ್ಟನ್ನು ಮೆಸೇಜ್‌ನಲ್ಲಿ ಬರೆಯಿರಿ.

ಆದರೆ ಆ ಫೈಲನ್ನು ಗ್ರೂಪಿಗೆ ಹಾಕುವ ಮೊದಲು ಒಮ್ಮೆ ಓದಿ. ಕಮಾಂಡ್ ಸಾಲಿನಲ್ಲೇ ಪಾಸ್‌ವರ್ಡ್ ಬರೆದು ಓಡಿಸಿದ ಪ್ರೋಗ್ರಾಂ ಇದ್ದರೆ ಅದು ಪಟ್ಟಿಯಲ್ಲಿ ಹಾಗೇ ಕಾಣಬಹುದು. ಮಕ್ಕಳ ಹೆಸರಿಟ್ಟ ಫೈಲ್‌ಗಳನ್ನು ತೆರೆದಿದ್ದರೆ ಆ ಹೆಸರುಗಳೂ ಕಾಣುತ್ತವೆ. ಅಂಥ ಸಾಲುಗಳನ್ನು ಅಳಿಸಿ, ಆಮೇಲೆ ಕಳಿಸಿ.